ಪಕ್ಕದ ಸೀಟಿನಲ್ಲಿ ಅಹ್ತಿ ಮಾಮ

ಪಿಯೆಕ್ಸಮ್ಯಾಕಿ, ಫಿನ್‌ಲ್ಯಾಂಡ್
11 ಮೇ 2024, ಶನಿವಾರ

ಪ್ರೀತಿಯ ಅಪ್ಪಾ,

ಮಂಡಿ ನೋವು ಹೇಗಿದೆ? ಹೊಸ ಮುಲಾಮು ಹಚ್ಚುತ್ತಿದ್ದೀಯೋ, ಇಲ್ಲ ಅದೂ ಬಚ್ಚಲುಮನೆಯ ಕಪಾಟು ಸೇರಿ ಹಳೆಯ ಡಬ್ಬಿಗಳ ಜೊತೆ ಕೂತಿದೆಯೋ? ಅಲ್ಲಿ ಸ್ಪೇನಿನಲ್ಲಿ, ನಿನ್ನ ಫುಯೆಂಗಿರೋಲದಲ್ಲಿ ಆಗಲೇ ಮೂವತ್ತು ಡಿಗ್ರಿಯಂತೆ, ನಿನ್ನ ಅಳಿಯ ಕಿಮ್ಮೊ ಪೇಪರಿನಲ್ಲಿ ಓದಿ ಹೇಳಿದ. ಮಧ್ಯಾಹ್ನ ಹೊರಗೆ ಹೋಗಬೇಡ. ರಕ್ತದೊತ್ತಡದ ಮಾತ್ರೆಯನ್ನು ಕಾಫಿಯಲ್ಲಿ ನುಂಗಬೇಡ. ಇಲ್ಲಿ ಸರೋವರದ ಮಂಜುಗಡ್ಡೆ ಹೋದ ವಾರವಷ್ಟೇ ಕರಗಿತು. ಬರ್ಚ್ ಮರಗಳಲ್ಲಿ ಇಲಿಕಿವಿಯಷ್ಟು ಎಲೆ ಬಂದಿದೆ. ಕಿಮ್ಮೊ ಚೆನ್ನಾಗಿದ್ದಾನೆ. ಶಾಲೆಯ ಅಡುಗೆಮನೆಯಲ್ಲಿ ಮುನ್ನೂರು ಮಕ್ಕಳಿಗೆ ಬಟಾಣಿ ಸೂಪು ಕಲಕಿ ಬಂದವನು, ಮನೆಯಲ್ಲಿ ಸೌಟು ಮುಟ್ಟುವುದಿಲ್ಲ ಎಂದು ದಿನಾ ಶಪಥ ಮಾಡುತ್ತಾನೆ, ಐದು ನಿಮಿಷಕ್ಕೆ ಮುಟ್ಟುತ್ತಾನೆ.

ಮೇ ಒಂದರ ಹಬ್ಬದ ದಿನ ನೀನು ನನ್ನ ಮಾತು ಮುಗಿಯುವ ಮೊದಲೇ ಫೋನ್ ಇಟ್ಟೆ. ಆಮೇಲೆ ಮೂರು ಸಲ ಮಾಡಿದೆ, ಎತ್ತಲಿಲ್ಲ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಇದನ್ನು ಹರಿದುಹಾಕಬಹುದು, ಆದರೆ ನಿನ್ನನ್ನು ನಾನು ಬಲ್ಲೆ, ಕೊನೆಯ ಸಾಲಿನವರೆಗೆ ಓದಿಯೇ ಹರಿಯುತ್ತೀಯ. ‘ಆ ಮನೆ ಬಾಗಿಲು ತುಳೀಬಾರ್ದಿತ್ತು ನೀನು. ನಾಚ್ಕೆ ಆಗಲ್ವಾ?’ ಎಂದು ಕೇಳಿದೆಯಲ್ಲ, ಉತ್ತರ ಇಲ್ಲಿದೆ: ಆಗಲ್ಲ ಅಪ್ಪ. ಒಂದು ಚೂರೂ ಆಗಲ್ಲ. ಯಾಕೆ ಆಗಲ್ಲ ಎಂದು ಹೇಳಬೇಕಾದರೆ ಮೊದಲಿನಿಂದ ಹೇಳಬೇಕು. ನಾಲ್ಕು ತಿಂಗಳಲ್ಲಿ ಆ ಬೆಳಿಗ್ಗೆ ಏನಾಯಿತೆಂದು ನೀನು ಒಂದು ಸಲವೂ ಕೇಳಲಿಲ್ಲ.

ಜನವರಿ ಹದಿನಾರು. ಮೈನಸ್ ಇಪ್ಪತ್ತಾರು ಡಿಗ್ರಿ. ಒಂಬತ್ತೂಮುಕ್ಕಾಲಿಗೆ ಸೂರ್ಯ ಆಗಷ್ಟೇ ಕಾಡಿನ ಮೇಲೆ ಬಂದು, ನನ್ನ ಬೆನ್ನ ಹಿಂದಿನಿಂದ ಎದುರಿನವರ ಕಣ್ಣಿಗೇ ಹೊಡೆಯುತ್ತಿದ್ದ. ನಾನು ಓಡಿಸುತ್ತಿದ್ದದ್ದು ವಾರ್ಕೌಸ್ ಕಡೆಯಿಂದ ಬರುವ ಒಂದೇ ಡಬ್ಬಿಯ ರೈಲು, ಒಳಗೆ ಹತ್ತೊಂಬತ್ತು ಜನ. ಹೊಲದ ದಾರಿ ಹಳಿ ದಾಟುವ ಕಡೆ ಗೇಟೂ ಇಲ್ಲ, ದೀಪವೂ ಇಲ್ಲ, ಅಂಥ ಜಾಗಗಳು ನಿನಗೆ ಗೊತ್ತು. ಸಣ್ಣ ನೀಲಿ ಕಾರೊಂದು ನಿಧಾನವಾಗಿ ಬಂತು, ನಿಲ್ಲುತ್ತದೆ ಎಂದುಕೊಂಡೆ, ನಿಲ್ಲಲಿಲ್ಲ. ಹಾರ್ನ್ ಒತ್ತಿದೆ, ತುರ್ತು ಬ್ರೇಕ್ ಎಳೆದೆ. ಅದರ ಮೇಲೆ ಮಾಡುವುದಕ್ಕೆ ಏನೂ ಇರುವುದಿಲ್ಲ, ಸುಮ್ಮನೆ ಕೂತು ನೋಡಬೇಕು. ಕಾರಿನಲ್ಲಿದ್ದ ಮುದುಕ ನನ್ನ ಕಡೆ ತಿರುಗಿದರು. ನನ್ನನ್ನು ನೋಡಿದರು. ಬಲಗೈ ಎತ್ತಿದರು, ದಾರಿಯಲ್ಲಿ ಗುರುತಿನವರು ಸಿಕ್ಕಿದರೆ ಎತ್ತುವ ಹಾಗೆ. ರೈಲು ನಿಂತದ್ದು ಮುನ್ನೂರು ಮೀಟರ್ ಆಚೆ. ನನ್ನ ಪ್ರಯಾಣಿಕರಲ್ಲಿ ಯಾರಿಗೂ ಏನೂ ಆಗಲಿಲ್ಲ. ಕಾರಿನಲ್ಲಿದ್ದವರು ತೀರಿಕೊಂಡರು. ಹೆಸರು ವಿಲ್ಹೊ, ಎಪ್ಪತ್ತೇಳು ವರ್ಷ, ಕ್ಷೌರಕ್ಕೆ ಹೊರಟಿದ್ದರಂತೆ.

ಅವತ್ತು ಸಂಜೆ ನಿನಗೆ ಫೋನ್ ಮಾಡಿದೆ. ನಲವತ್ತೇಳು ವರ್ಷದ ಹೆಂಗಸು ನಾನು, ಅಪ್ಪನ ದನಿ ಬೇಕು ಅನ್ನಿಸಿತು. ನೀನು ಹೇಳಿದ್ದು ಇಷ್ಟು: ‘ತಡ ಮಾಡ್ಬೇಡ, ಬೇಗ ಎಂಜಿನ್ ಹತ್ತು. ಬಾಯ್ ಮುಚ್ಕೊಂಡು ಕೆಲಸ ಮಾಡು. ಆಡಿದಷ್ಟೂ ದೊಡ್ಡದಾಗತ್ತೆ.’ ನಾನು ಕೇಳಿದೆ ಅಪ್ಪ, ಅಕ್ಷರಶಃ ಕೇಳಿದೆ. ವೈದ್ಯರು ಎರಡು ವಾರ ರಜೆ ಬರೆಯಲು ಹೊರಟರೆ ‘ನಂಗೇನೂ ಆಗಿಲ್ಲ, ನಮ್ಮಪ್ಪನೂ ಡ್ರೈವರೇ’ ಎಂದು ಹಲ್ಲು ಕಿರಿದು ಬಂದೆ. ನಾಲ್ಕನೇ ದಿನ ಹತ್ತಿದೆ. ಮೊದಲ ನಿಲ್ದಾಣ ದಾಟಿತು, ಎರಡನೆಯದು ದಾಟಿತು. ಮೂರನೆಯ ನಿಲ್ದಾಣದಲ್ಲಿ ಕೆಂಪು ಟೋಪಿ ಹಾಕಿದ್ದ ಮೂರು ವರ್ಷದ ಮಗುವೊಂದು ಅಜ್ಜಿಯ ಕಂಕುಳಲ್ಲಿ ಕೂತು ನನಗೆ ಕೈ ಬೀಸಿತು. ಅಷ್ಟೇ. ಎರಡು ಕಿಲೋಮೀಟರ್ ಮುಂದೆ, ಕಾಡಿನ ಮಧ್ಯೆ, ನಿಲ್ದಾಣವೂ ಇಲ್ಲ ಸಿಗ್ನಲ್ಲೂ ಇಲ್ಲ, ಅಲ್ಲಿ ರೈಲು ನಿಲ್ಲಿಸಿದೆ. ಮತ್ತೆ ಹೊರಡಿಸಲು ಕೈ ಬರಲಿಲ್ಲ. ಕೈ ತೊಡೆಯ ಮೇಲಿದೆ, ಕಣ್ಣಿಗೆ ಕಾಣುತ್ತಿದೆ, ಏಳು ಎಂದರೆ ಏಳುವುದಿಲ್ಲ. ಕಂಟ್ರೋಲಿನವರು ಕರೆಯುತ್ತಲೇ ಇದ್ದರು. ನಿನ್ನ ಔಷಧದ ಗುಣ ಇಷ್ಟು.

ಎಂಜಿನ್ ಶೆಡ್ಡಿನಿಂದ ಬಂದವರು ನಿನ್ನ ಹಳೆಯ ಜೊತೆಗಾರ ಅಹ್ತಿ ಮಾಮ. ರಸ್ತೆಯವರೆಗೆ ಕಾರಿನಲ್ಲಿ, ಅಲ್ಲಿಂದ ಮಂಡಿವರೆಗಿನ ಹಿಮದಲ್ಲಿ ನಡೆದು. ಅರವತ್ತಮೂರು ವರ್ಷ ಅವರಿಗೆ. ಏದುಸಿರು ಬಿಡುತ್ತ ಕ್ಯಾಬಿನ್ ಹತ್ತಿ, ಏನಾಯಿತು ಎಂದು ಕೇಳಲಿಲ್ಲ, ಸಮಾಧಾನ ಮಾಡಲಿಲ್ಲ. ‘ಸ್ವಲ್ಪ ಆ ಕಡೆ ಸರಿಯಮ್ಮ, ನಾನೂ ಕೂತ್ಕೋತೀನಿ’ ಎಂದರು. ಪಕ್ಕದ ಮಡಚುವ ಸೀಟಿಗೆ ನಾನು ಸರಿದೆ. ಅವರು ಬೂಟಿನ ಹಿಮ ಕೊಡವಿಕೊಂಡರು, ಮೂಗು ಒರೆಸಿಕೊಂಡರು, ಒಂದೈದು ನಿಮಿಷ ನಾವಿಬ್ಬರೂ ಮುಂದಿನ ಹಳಿ ನೋಡುತ್ತ ಕೂತೆವು. ಆಮೇಲೆ ರೈಲು ಹೊರಡಿಸಿದರು. ಹಿಂದಿನಿಂದ ಯಾರೋ ತಡವಾಯಿತೆಂದು ಬಾಗಿಲು ಬಡಿದರೆ, ‘ಇಳಿದು ತಳ್ಳಿ, ಬೇಗ ಹೋಗತ್ತೆ’ ಎಂದು ಕೂಗಿದರು.

ಆಮೇಲಿನ ದಿನಗಳ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಕಿಮ್ಮೊನ ಕಾರಿನಲ್ಲಿ ಕೂತರೆ ನನ್ನ ಕಾಲು ತಾನಾಗಿ ನೆಲ ಒತ್ತುತ್ತಿತ್ತು, ಇಲ್ಲದ ಬ್ರೇಕನ್ನು. ಅವನು ಗಂಟೆಗೆ ಮೂವತ್ತರಲ್ಲಿ ಓಡಿಸುತ್ತಿದ್ದ. ಹಿಂದೆ ಸಾಲುಗಟ್ಟಿ ಹಾರ್ನ್ ಹೊಡೆದರೆ, ‘ಹೊಡ್ಕೊಳ್ಲಿ ಬಿಡು, ಅವರಿಗೂ ಕೈಗೆ ಏನಾದ್ರೂ ಕೆಲಸ ಬೇಕಲ್ಲ’ ಎನ್ನುತ್ತಿದ್ದ. ಒಂದು ದಿನವೂ ‘ಇನ್ನೂ ಹೋಗ್ಲಿಲ್ವಾ ನಿನ್ನ ಹೆದರಿಕೆ?’ ಎಂದು ಅವನು ಕೇಳಲಿಲ್ಲ. ಮನಶ್ಶಾಸ್ತ್ರಜ್ಞೆಯ ಹತ್ತಿರವೂ ಹೋದೆ, ಹೌದು, ಹೋದೆ, ನೀನು ಮುಖ ಸಿಂಡರಿಸಿದರೂ ಹೋದೆ. ನನಗಿಂತ ಚಿಕ್ಕ ಹುಡುಗಿ, ಆದರೆ ಗಟ್ಟಿ. ಮೊದಲ ದಿನ ಅವಳು ಕೇಳಿದ್ದು ಅಪಘಾತದ ಬಗ್ಗೆ ಅಲ್ಲ. ‘ಯಾರ್ಯಾರಿದಾರೆ ನಿಮಗೆ? ಬಾಗಿಲು ಬಡಿಯದೆ ಒಳಗೆ ಬರೋವಂಥವರು?’ ಎಂದಳು. ಬೆರಳು ಮಡಿಸಿ ಎಣಿಸಿದೆ. ನಿನ್ನ ಹೆಸರು ಬರಲಿಲ್ಲ ಅಪ್ಪ. ಮನೆಗೆ ಬಂದ ಮೇಲೆ ಅದು ಹೊಳೆಯಿತು. ಹೊಳೆದಾಗ ಅತ್ತೆ. ಅಲ್ಲಿಯವರೆಗೆ ಅತ್ತಿರಲಿಲ್ಲ.

ಅಹ್ತಿ ಮಾಮ ಪ್ರತಿ ಮಂಗಳವಾರ ಬರತೊಡಗಿದರು. ಬಂದರೆ ಅಡುಗೆಮನೆಯ ಮೇಜಿನ ಮುಂದೆ ಕೂತು ಕರಿ ಕಾಫಿ ಕುಡಿಯುವುದು, ಕಿಮ್ಮೊನ ಬನ್ನಿಗೆ ಏಲಕ್ಕಿ ಕಡಿಮೆ ಎನ್ನುವುದು, ಹೋಗುವುದು. ಫೆಬ್ರವರಿಯ ಒಂದು ಮಂಗಳವಾರ ನಾನು ಅವರ ಲೋಟದ ಪಕ್ಕ ಹಾಲಿನ ಪೊಟ್ಟಣ ಇಟ್ಟೆ, ಮರೆತು. ಅವರು ಅದನ್ನು ಎರಡು ಬೆರಳಿನಿಂದ ಮೆಲ್ಲಗೆ ದೂರ ತಳ್ಳಿದರು. ಹೊಟ್ಟೆಗೆ ಆಗುವುದಿಲ್ಲವೇ ಎಂದೆ. ‘ಹೊಟ್ಟೆಗೆ ಆಗತ್ತೆ, ಕಣ್ಣಿಗೆ ಆಗಲ್ಲ’ ಎಂದರು. ಲೋಟ ಕೆಳಗಿಟ್ಟು, ‘ನಿಮ್ಮಪ್ಪ ಹೇಳಿಲ್ವೇನು ನಿಂಗೆ? ಎಂಬತ್ತಮೂರನೇ ಇಸವಿದು?’ ಎಂದು ಕೇಳಿದರು.

ನೀನು ಹೇಳಿಲ್ಲ ಅಪ್ಪ. ಯಾರೂ ಹೇಳಿಲ್ಲ. ನನಗೆ ಆಗ ಆರೇಳು ವರ್ಷ. ನೀನು ಎಂಜಿನ್ ಓಡಿಸುತ್ತಿದ್ದೆ, ಪಕ್ಕದ ಸೀಟಿನಲ್ಲಿ ಸಹಾಯಕನಾಗಿ ಇಪ್ಪತ್ತೆರಡರ ಅಹ್ತಿ. ಡೇರಿಯ ಲಾರಿ ಹಳಿಯ ಮೇಲೆ ನಿಂತುಹೋಯಿತು, ಅದರ ಡ್ರೈವರ್ ಇಳಿಯುವಷ್ಟು ಸಮಯ ಸಿಗಲಿಲ್ಲ. ‘ಹಿಮದ ಮೇಲೆ ಹಾಲು ಹರಿದುಹೋಯ್ತು ಕಣಮ್ಮ. ಬೆಚ್ಚಗಿತ್ತು, ಆವಿ ಏಳ್ತಿತ್ತು. ಬಿಳೀದರ ಮೇಲೆ ಬಿಳೀದು. ಅದೊಂದು ಹೋಗಲ್ಲ ಕಣ್ಣಿಂದ.’ ಅವರು ಹಾಗೆಂದಾಗ ನನಗೆ ನಮ್ಮ ಮನೆಯ ನಿಯಮ ನೆನಪಾಯಿತು. ನೀನು ಊಟಕ್ಕೆ ಕೂರುವ ಮೊದಲೇ ನಾನು ಅಡುಗೆಮನೆಯ ಮೂಲೆಯಲ್ಲಿ ನಿಂತು ಹಾಲು ಕುಡಿದು ಲೋಟ ತೊಳೆದಿಡಬೇಕಿತ್ತು. ಅಮ್ಮ ಬಾಟಲಿಗೆ ಬಟ್ಟೆ ಸುತ್ತಿ ಉಗ್ರಾಣದಲ್ಲಿ ಇಡುತ್ತಿದ್ದಳು. ಎಲ್ಲರ ಮನೆಯಲ್ಲೂ ಹಾಗೇ ಎಂದುಕೊಂಡಿದ್ದೆ. ಗೆಳತಿಯ ಮನೆಯಲ್ಲಿ ಮೇಜಿನ ಮಧ್ಯೆ ಹಾಲಿನ ಹೂಜಿ ನೋಡಿ, ಇವರ ಅಪ್ಪ ಬೈಯುವುದಿಲ್ಲವೇ ಎಂದು ಬೆರಗಾಗಿದ್ದೆ. ಅಮ್ಮನೂ ಸಾಯುವವರೆಗೆ ಯಾಕೆಂದು ಹೇಳಲಿಲ್ಲ. ಅವಳಿಗಾದರೂ ನೀನು ಹೇಳಿದ್ದೆಯೋ, ಇಲ್ಲ ಅವಳೇ ಊಹಿಸಿ ಬಟ್ಟೆ ಸುತ್ತಿದಳೋ?

ಅವತ್ತು ನೀನು ಅಹ್ತಿಗೆ ಹೇಳಿದೆಯಂತೆ, ‘ಇದನ್ನ ಯಾರ ಹತ್ರಾನೂ ಆಡೋದು ಬೇಡ ಕಣೋ, ಹುಚ್ಚ ಅಂತಾರೆ.’ ಅವರು ಆಡಲಿಲ್ಲ. ನಲವತ್ತೊಂದು ವರ್ಷ. ಹೆಂಡತಿಯ ಹತ್ತಿರವೂ ಇಲ್ಲ. ‘ನಿಮ್ಮಪ್ಪ ತೈಸ್ತೊ ನನಗಿಂತ ದೊಡ್ಡೋನು, ಅವನೇ ಸುಮ್ನಿರುವಾಗ ನಾನ್ಯಾವ ಲೆಕ್ಕ ಅಂದ್ಕೊಂಡೆ’ ಎಂದರು. ನಿನ್ನ ಮೇಲೆ ಅವರಿಗೆ ಸಿಟ್ಟಿಲ್ಲ. ನನಗಿದೆ. ಒಂದೇ ಊರಿನಲ್ಲಿ, ಒಂದೇ ಶೆಡ್ಡಿನಲ್ಲಿ, ಒಂದೇ ಸೌನಾದ ಬಿಸಿಹಬೆಯಲ್ಲಿ ಬೆನ್ನಿಗೆ ಬೆನ್ನು ತಾಗಿಸಿ ಕೂತ ಇಬ್ಬರು ಗಂಡಸರು ಒಂದೇ ನೋವನ್ನು ಬೇರೆ ಬೇರೆ ಹೊತ್ತರು. ಇದನ್ನು ಗಟ್ಟಿತನ ಎಂದು ನನಗೆ ಕಲಿಸಿದೆ. ನಾನು ಕಲಿಯುವುದಿಲ್ಲ.

ಮಾರ್ಚಿನಲ್ಲಿ ಅಹ್ತಿ ಮಾಮ ನನ್ನನ್ನು ಶೆಡ್ಡಿಗೆ ಕರೆದುಕೊಂಡು ಹೋದರು. ನಿಂತ ರೈಲಿನ ಕ್ಯಾಬಿನ್ನಿನಲ್ಲಿ ಕೂರುವುದು, ಫ್ಲಾಸ್ಕಿನ ಕಾಫಿ ಕುಡಿಯುವುದು, ಇಳಿಯುವುದು. ಮೊದಲ ದಿನ ಕಾಫಿ ಮುಗಿಯುವ ಮೊದಲೇ ಇಳಿದು ಓಡಿದೆ. ‘ಕಾಫಿ ದಂಡ ಮಾಡ್ದೆ’ ಎಂದರು, ಅಷ್ಟೇ. ಶೆಡ್ಡಿನಲ್ಲಿ ಕೆಲವರು ಗುಸುಗುಸು ಮಾತಾಡಿಕೊಂಡರು, ‘ಇವಳಿನ್ನು ಟಿಕೆಟ್ ಕೌಂಟರಿಗೇ ಸರಿ’ ಎಂದು. ಒಬ್ಬ ನನ್ನ ಮುಖಕ್ಕೇ ಹೇಳಿದ. ಅಹ್ತಿ ಮಾಮ ಅವನ ಭುಜದ ಮೇಲೆ ಕೈಯಿಟ್ಟು, ‘ಇವಳು ಹೆದರಿದ್ದೀನಿ ಅಂತ ಬಾಯ್ಬಿಟ್ಟು ಹೇಳಿದಾಳಪ್ಪ. ನಾನು ನಲವತ್ತೊಂದು ವರ್ಷದಿಂದ ಹೆದರಿದೀನಿ. ಈಗ ನಿನ್ನ ಸರದಿ, ಹೇಳು’ ಎಂದರು. ಊಟದ ಕೋಣೆಯಲ್ಲಿ ಎಂಟು ಜನರಿದ್ದರು. ಆಮೇಲೆ ಆ ಎಂಟರಲ್ಲಿ ಮೂವರು ಒಬ್ಬೊಬ್ಬರಾಗಿ ನಮ್ಮ ಮಂಗಳವಾರದ ಕಾಫಿಗೆ ಬಂದರು. ನನ್ನನ್ನು ಟಿಕೆಟ್ ಕೌಂಟರಿಗೆ ಕಳಿಸಲು ಹೊರಟಿದ್ದವನೇ ಮೊದಲು ಬಂದ.

ಈಗ ನೀನು ಫೋನ್ ಇಟ್ಟ ವಿಷಯ. ಮಾರ್ಚ್ ಕೊನೆಗೆ ಶೆಡ್ಡಿನ ವಿಳಾಸಕ್ಕೆ ನನ್ನ ಹೆಸರಿಲ್ಲದ ಒಂದು ಕಾರ್ಡು ಬಂತು, ‘ಅವತ್ತು ರೈಲು ಓಡಿಸುತ್ತಿದ್ದವರಿಗೆ’ ಎಂದು. ‘ನನ್ನ ಗಂಡನನ್ನು ಕೊನೆಗೆ ನೋಡಿದವರು ನೀವು. ಬಂದರೆ ಕಾಫಿ ಇದೆ. ಔನೆ.’ ಇಷ್ಟೇ ಬರೆದಿದ್ದರು, ವಿಲ್ಹೊ ಅವರ ಹೆಂಡತಿ. ಹನ್ನೊಂದು ದಿನ ಆ ಕಾರ್ಡನ್ನು ಜೇಬಿನಲ್ಲಿಟ್ಟುಕೊಂಡು ತಿರುಗಿದೆ. ಆಮೇಲೆ ಹೋದೆ. ಕಿಮ್ಮೊ ಮೂವತ್ತರಲ್ಲೇ ಓಡಿಸಿದ, ಕಾರಿನಲ್ಲೇ ಕೂತು ಕಾದ.

ಬಾಗಿಲು ತೆಗೆದವರು ಎಪ್ಪತ್ತು ದಾಟಿದ ಹೆಂಗಸು, ನನ್ನ ಭುಜದಷ್ಟೆತ್ತರ. ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿ ‘ಗಂಡಸು ಅಂದ್ಕೊಂಡಿದ್ದೆ’ ಎಂದರು. ಆಮೇಲೆ, ‘ನಿಜ ಹೇಳ್ತೀನಿ, ಮುಖ ನೋಡಿ ದ್ವೇಷ ಮಾಡೋಣ ಅಂತ ಕರೆದೆ. ನಮ್ಮ ಹುಡುಗರು ಬೇಡ ಅಂದ್ರು. ಒಳಗ್ ಬಾ.’ ಮೇಜಿನ ಮೇಲೆ ಆಗಷ್ಟೇ ಒಲೆಯಿಂದ ತೆಗೆದ ಅನ್ನ ತುಂಬಿದ ಕರೇಲಿಯದ ಕಡುಬು, ಹಚ್ಚಿಕೊಳ್ಳಲು ಮೊಟ್ಟೆ ಕಲಸಿದ ಬೆಣ್ಣೆ. ದ್ವೇಷ ಮಾಡಲು ಕರೆದವರು ಹನ್ನೆರಡು ಕಡುಬು ಮಾಡಿದ್ದರು. ಇಬ್ಬರೂ ಮುಟ್ಟಲಿಲ್ಲ. ‘ಹೇಳು, ಅವರ ಮುಖ ಹೆಂಗಿತ್ತು? ಮುಚ್ಚಿಡಬೇಡ’ ಎಂದರು. ಹೇಳಿದೆ. ಕಾರು ನಿಧಾನವಾಗಿ ಬಂದದ್ದು, ಅವರು ತಿರುಗಿದ್ದು, ಕೈ. ಕೈ ಎತ್ತಿದ್ದನ್ನು ಹೇಳುವಾಗ ಎದ್ದು ನಿಂತು ತೋರಿಸಿದೆ. ಔನೆ ನನ್ನ ಕೈಯನ್ನೇ ನೋಡುತ್ತ ಕೂತರು. ‘ಅಯ್ಯೋ ನನ್ನಪ್ಪಾ, ತಪ್ಪಾಯ್ತು ಅಂದಿದಾರೆ ಕಣೇ ಅವ್ರು ನಿಂಗೆ! ಅಂಗಡೀಲಿ ತಳ್ಳುಗಾಡಿ ಯಾರಿಗಾದ್ರೂ ಅಡ್ಡ ಹೋದ್ರೆ ಹಿಂಗೇ ಕೈ ಎತ್ತೋರು. ಜೀವಮಾನ ಪೂರ್ತಿ ಯಾರಿಗೂ ಅಡ್ಡ ಬರಬಾರ್ದು ಅಂತಿದ್ದ ಮನುಷ್ಯ.’ ನಾನು ಆ ಕೈಗೆ ಮೂರು ತಿಂಗಳು ಹೆದರಿದ್ದೆ ಅಪ್ಪ. ಔನೆ ಹೇಳಿದ್ದು ನಿಜವೋ, ಬೆಳಕಿಗೆ ಅಡ್ಡ ಹಿಡಿದ ಕೈಯೋ, ನನಗೆ ಗೊತ್ತಿಲ್ಲ, ಇನ್ನು ಗೊತ್ತಾಗುವುದೂ ಇಲ್ಲ. ನಾವಿಬ್ಬರೂ ಅವತ್ತು ಒಬ್ಬರ ಮೇಲೊಬ್ಬರು ಒರಗಿ ಅತ್ತೆವು. ಕಡುಬು ತಣ್ಣಗಾಗಿತ್ತು, ಎಲ್ಲವನ್ನೂ ತಿಂದೆವು. ಕಿಮ್ಮೊನ ಪಾಲಿನ ಎರಡು ಕಡುಬು ಕಾರಿಗೇ ಹೋದವು.

ಅಂದಿನಿಂದ ಪ್ರತಿ ಭಾನುವಾರ ಹೋಗುತ್ತೇನೆ. ಏಪ್ರಿಲಿನಲ್ಲಿ ಒಂದು ದಿನ ಔನೆ, ‘ನಡಿ, ಆ ಜಾಗಕ್ಕೆ ಹೋಗೋಣ, ನಾನಿನ್ನೂ ನೋಡಿಲ್ಲ’ ಎಂದರು. ಕೆಸರಿನಲ್ಲಿ ತೋಳು ಹಿಡಿದುಕೊಂಡು ನಡೆದೆವು. ಹಳಿಯಿಂದ ದೂರ ನಿಂತೆವು. ರೈಲು ಬರುವ ಹೊತ್ತು, ಅದನ್ನು ಓಡಿಸುತ್ತಿದ್ದವರು ಅಹ್ತಿ ಮಾಮ ಎಂದು ನನಗೆ ಗೊತ್ತಿತ್ತು. ಹಳಿ ಸಣ್ಣಗೆ ಹಾಡತೊಡಗಿತು. ಔನೆ ನನ್ನ ಸೊಂಟ ಬಳಸಿ ಹಿಡಿದರು. ರೈಲು ಹಾದುಹೋಗುವಾಗ ಆ ಚಿಕ್ಕ ಹೆಂಗಸು ಮುಷ್ಟಿ ಎತ್ತಿ ಕೂಗಿದರು ನೋಡು, ‘ಹೋಗೋ ದರಿದ್ರದ್ದೇ, ಹೋಗು! ಒಬ್ಬರನ್ನ ತಿಂದೆ, ನಮ್ಮಿಬ್ಬರನ್ನ ತಿನ್ನಕ್ಕೆ ಆಗಲ್ಲ ನಿನ್ ಕೈಲಿ!’ ನಾನೂ ಕೂಗಿದೆ. ಏನು ಕೂಗಿದೆನೋ ತಿಳಿಯದು, ನಿನ್ನ ಹತ್ತಿರ ಕಲಿತ ಬೈಗುಳಗಳೇ ಇರಬೇಕು. ದೂರದಲ್ಲಿ ಒಂದು ನಾಯಿ ಬೊಗಳಿತು. ಇಬ್ಬರೂ ಕೆಸರಿನಲ್ಲೇ ಕುಕ್ಕರಿಸಿ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಆ ಮನೆಯ ಬಾಗಿಲು ತುಳಿದದ್ದಕ್ಕೆ ನಾಚಿಕೆಪಡಬೇಕೇ? ಹೇಳು.

ಏಪ್ರಿಲ್ ಇಪ್ಪತ್ತೊಂಬತ್ತರಂದು ನಾನು ಅದೇ ದಾರಿಯಲ್ಲಿ ರೈಲು ಓಡಿಸಿದೆ. ಅಹ್ತಿ ಮಾಮ ಪಕ್ಕದ ಸೀಟಿನಲ್ಲಿದ್ದರು. ಆ ಜಾಗ ಬರುವಾಗ ಅಂಗೈ ಬೆವರಿ ಹಿಡಿಕೆ ಜಾರಿತು, ಹಾರ್ನನ್ನು ಎಲ್ಲರೂ ಒತ್ತುವುದಕ್ಕಿಂತ ಮೊದಲೇ ಒತ್ತಿದೆ, ಬಹಳ ಹೊತ್ತು ಒತ್ತಿದೆ. ದಾಟಿತು. ನಾಲ್ಕು ನಿಮಿಷ ತಡವಾಗಿ ತಲುಪಿದೆ. ಪೂರ್ತಿ ವಾಸಿಯಾಗಿದ್ದೇನೆ ಎಂದು ಬರೆಯುವುದಿಲ್ಲ. ಮೊನ್ನೆ ಬುಧವಾರ ಆಗಲಿಲ್ಲ, ‘ಇವತ್ತು ನನ್ನಿಂದಾಗಲ್ಲ, ಯಾರಾದ್ರೂ ತಗೊಳ್ಳಿ’ ಎಂದು ಎಲ್ಲರೆದುರೇ ಹೇಳಿ ಕೀಲಿ ಕೊಟ್ಟೆ. ಟಿಕೆಟ್ ಕೌಂಟರಿನ ಮಾತಾಡಿದ್ದವನೇ ಕೀಲಿ ತೆಗೆದುಕೊಂಡ. ಗುರುವಾರ ನಾನೇ ಓಡಿಸಿದೆ. ಹೀಗೇ ನಡೆಯುತ್ತದೆ, ನಡೆಸುತ್ತೇನೆ. ಈ ಕೆಲಸ ಬಿಡುವುದಿಲ್ಲ, ಬಾಯಿಯನ್ನೂ ಮುಚ್ಚುವುದಿಲ್ಲ.

ಪಕ್ಕದ ಮನೆಯ ಅಕ್ಕನಿಗೆ ನನ್ನ ನಮಸ್ಕಾರ ಹೇಳು. ಕಿಮ್ಮೊ ನಿನಗೊಂದು ಅಪ್ಪುಗೆ ಕಳಿಸಿದ್ದಾನೆ, ಬೇಡವೆಂದರೂ ತೆಗೆದುಕೊ. ಸಿಟ್ಟಿನಲ್ಲಿ ಬರೆದಿದ್ದೇನೆ, ಆದರೆ ನಿನ್ನ ಮೇಲಿನ ಪ್ರೀತಿ ಒಂದು ಗುಲಗಂಜಿ ತೂಕವೂ ಕಡಿಮೆಯಾಗಿಲ್ಲ. ಮೈ ನೋಡಿಕೊ.

ನಿನ್ನ ಹಟಮಾರಿ ಮಗಳು,
ಸೈಮಿ

ಮರೆತಿದ್ದೆ, ಲಕೋಟೆ ಅಂಟಿಸುವ ಮೊದಲು ಇದೊಂದು: ಅಹ್ತಿ ಮಾಮನಿಗೆ ಜೂನ್ ಹದಿನಾಲ್ಕಕ್ಕೆ ನಿವೃತ್ತಿ. ಅವತ್ತು ಅವರ ಕೊನೆಯ ರೈಲು. ನಿನ್ನನ್ನು ಕರೆಯಬೇಕೆಂದು ಅವರಿಗೆ ಆಸೆ, ಬಾಯಿ ಬರುತ್ತಿಲ್ಲ. ನಿನ್ನೆ ಅವರು ಇನ್ನೊಂದು ಮಾತು ಹೇಳಿದರು. ಎಂಬತ್ತಮೂರರಲ್ಲಿ ಸಹಾಯ ಬಂದು ತಲುಪಲು ನಲವತ್ತು ನಿಮಿಷ ಹಿಡಿಯಿತಂತೆ. ಆ ನಲವತ್ತು ನಿಮಿಷವೂ ನೀನು ಕೈಗವಸು ಕಳಚಿ ಅವರ ಕೈಯನ್ನು ನಿನ್ನ ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತಿದ್ದೆಯಂತೆ. ‘ಅವತ್ತು ತೈಸ್ತೊ ಕೈ ಬಿಟ್ಟಿದ್ರೆ ನಾನು ಇಳಿದು ಕಾಡಿಗೆ ಓಡಿಹೋಗ್ತಿದ್ದೆ. ಕಾಡಲ್ಲಿ ನಾನು ನಿನ್ ಪಕ್ಕ ಬಂದು ಕೂತ್ನಲ್ಲ, ಅದು ಅವನೇ ಕಲಿಸಿದ್ದು’ ಎಂದರು. ಆದ್ದರಿಂದ ‘ಪಕ್ಕದಲ್ಲಿ ಕೂರೋದೆಲ್ಲ ನಂಗೆ ಬರಲ್ಲ’ ಎಂದು ಮಾತ್ರ ಹೇಳಬೇಡ ಅಪ್ಪ. ಎರಡನೇ ಪ್ಲಾಟ್‌ಫಾರ್ಮ್, ಮಧ್ಯಾಹ್ನ ಎರಡೂ ಹತ್ತು. ಬಾ.